ನಾಲ್ಕೂವರೆ ಮಿಲಿಮೀಟರ್ ಸುಳ್ಳು

ಒಂದು ರೈಲು ಲೋಕೋವನ್ನು ಎಪ್ಪತ್ತಾರು ಪಟ್ಟು ಕಿರಿದಾಗಿಸಿ ಮೇಜಿನ ಮೇಲೆ ನಿಲ್ಲಿಸುವುದನ್ನು ದೊಡ್ಡವರ ಆಟಿಕೆ ಎಂದು ನಕ್ಕು ಬಿಡುವುದು ಸುಲಭ. ಆದರೆ ಮಾದರಿ ಮಾಡುವವರು ಮೊದಲು ಮೂಲವನ್ನು ಓದಿರಬೇಕು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಮೂಲಕ್ಕೆ ಮೋಸ ಮಾಡಿದರೂ ನೋಡುವವರು ಒಪ್ಪುತ್ತಾರೆ ಎಂದು ತೀರ್ಮಾನಿಸಬೇಕು. ನಾನು ಅನುವಾದದ ಬಗ್ಗೆ ಸಂಶೋಧನೆ ಮಾಡುತ್ತಿರುವವಳು. ಇವೇ ಪ್ರಶ್ನೆಗಳು ನನ್ನ ಪ್ರಬಂಧದ ಅಧ್ಯಾಯಗಳಲ್ಲೂ ಕೂತಿವೆ. ಆದ್ದರಿಂದ ಐರ್ಲೆಂಡಿನ ಒಂದು ಹಳೆಯ ಡೀಸೆಲ್ ಲೋಕೋ ಮತ್ತು ಅದರ ಪುಟ್ಟ ಮಾದರಿಯನ್ನು ಒಂದು ಕೃತಿ ಮತ್ತು ಅದರ ಅನುವಾದ ಎಂಬಂತೆ ಇಟ್ಟುಕೊಂಡು ನೋಡುವುದು ಈ ಬರಹದ ಉದ್ದೇಶ. ಈ ಅನುವಾದ ಬಹಳ ನಿಷ್ಠೆಯದು. ಆದರೂ ಮೂಲದ ಬದುಕಿನಲ್ಲಿ ಮುಖ್ಯವಾಗಿದ್ದ ಒಂದು ಸಂಗತಿಯನ್ನು ಅದು ಹೇಳದೆ ಬಿಡುತ್ತದೆ ಎಂಬುದು ನನ್ನ ವಾದ.

ಮಾತಿನ ಅನುಕೂಲಕ್ಕೆ ಒಂದು ಒಪ್ಪಂದ. ನಮ್ಮಲ್ಲಿ ಇಡೀ ಗಾಡಿಯನ್ನೂ ‘ಎಂಜಿನ್’ ಎನ್ನುತ್ತೇವೆ, ಅದರ ಹೊಟ್ಟೆಯೊಳಗಿನ ಯಂತ್ರವನ್ನೂ ‘ಎಂಜಿನ್’ ಎನ್ನುತ್ತೇವೆ. ಇಲ್ಲಿ ಗಾಡಿಯನ್ನು ‘ಲೋಕೋ’ ಎಂದೂ ಒಳಗಿನ ಯಂತ್ರವನ್ನು ಮಾತ್ರ ‘ಎಂಜಿನ್’ ಎಂದೂ ಕರೆಯುತ್ತೇನೆ. ಇವೆರಡನ್ನು ಬೇರ್ಪಡಿಸಿಕೊಳ್ಳದೆ ಈ ಕತೆಯನ್ನು ಹೇಳಲಾಗುವುದಿಲ್ಲ.

ಮೊದಲು ಮೂಲದ ಬಗ್ಗೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಐರ್ಲೆಂಡಿನ ರೈಲ್ವೆ ಉಸಿರು ಬಿಗಿಹಿಡಿದು ಬದುಕಿತ್ತು. ಆ ದೇಶಕ್ಕೆ ಬೇಕಾದ ಒಳ್ಳೆಯ ಕಲ್ಲಿದ್ದಲು ಬ್ರಿಟನ್ನಿನಿಂದ ಬರಬೇಕಿತ್ತು. ಯುದ್ಧ ಶುರುವಾದ ಮೇಲೆ ಅದು ಸರಿಯಾಗಿ ಬರಲಿಲ್ಲ. ರೈಲುಗಳು ರದ್ದಾದವು, ಓಡಿದವೂ ಕೆಟ್ಟ ಇಂಧನದಿಂದ ದಾರಿಯಲ್ಲಿ ನಿಂತವು. 1947ರ ಚಳಿಗಾಲದಲ್ಲಿ ಸ್ಥಿತಿ ಇನ್ನೂ ಕೆಟ್ಟಿತು. ದೇಶದ ಸಾರಿಗೆ ಸಂಸ್ಥೆಯಾದ ಕೋರಸ್ ಉಂಪರ್ ಏರನ್, ಚಿಕ್ಕದಾಗಿ ಸಿಐಇ, ಉಗಿಯನ್ನು ಬಿಟ್ಟು ಡೀಸೆಲ್ಲಿಗೆ ಹೋಗುವ ತೀರ್ಮಾನ ಮಾಡಿದ್ದರ ಹಿಂದೆ ಈ ನೆನಪಿತ್ತು. ಮ್ಯಾಂಚೆಸ್ಟರಿನ ಮೆಟ್ರೊಪಾಲಿಟನ್-ವಿಕರ್ಸ್ ಕಂಪನಿಗೆ ಒಟ್ಟು 94 ಲೋಕೋಗಳ ಆರ್ಡರ್ ಹೋಯಿತು. ಅದರಲ್ಲಿ 60 ದೊಡ್ಡವು, ಮುಖ್ಯ ಮಾರ್ಗಗಳಿಗೆ. ಇವು ‘ಎ ವರ್ಗ’. ಉಳಿದ 34 ಚಿಕ್ಕವು, ಕವಲು ಮಾರ್ಗಗಳಿಗೆ. ಇವು ‘ಸಿ ವರ್ಗ’. ಎ ವರ್ಗದ ಅರವತ್ತೂ 1955 ಮತ್ತು 1956ರಲ್ಲಿ ಬಂದವು. ಆರು ಅಚ್ಚುಗಳು, ಎರಡು ತುದಿಗಳಲ್ಲೂ ಡ್ರೈವರನ ಕ್ಯಾಬಿನ್ನು, ಮೈತುಂಬ ಬೆಳ್ಳಿ ಬಣ್ಣ. ಮಸಿ ಬಳಿದುಕೊಂಡ ಉಗಿ ಲೋಕೋಗಳ ನಡುವೆ ಅವು ಮದುವೆ ಮನೆಗೆ ಬಂದ ಹೊಸ ಪಾತ್ರೆಗಳಂತೆ ಕಂಡಿರಬೇಕು.

ಅವುಗಳ ಹೊಟ್ಟೆಯೊಳಗೆ ಇದ್ದದ್ದು ಮ್ಯಾಂಚೆಸ್ಟರಿನದೇ ಆದ ಕ್ರಾಸ್ಲಿ ಕಂಪನಿಯ ಎಂಜಿನ್. ಎಂಟು ಸಿಲಿಂಡರ್, ಎರಡು ಸ್ಟ್ರೋಕ್, 1200 ಅಶ್ವಶಕ್ತಿ. ಕಾಗದದ ಮೇಲೆ ಅದು ಜಾಣ ವಿನ್ಯಾಸ: ಒಂದು ಸಿಲಿಂಡರಿನ ಹೊಗೆ ಹೊರನುಗ್ಗುವ ಒತ್ತಡವನ್ನೇ ಇನ್ನೊಂದು ಸಿಲಿಂಡರಿಗೆ ಗಾಳಿ ಒತ್ತಲು ಬಳಸಿಕೊಳ್ಳುತ್ತಿತ್ತು. ಹಳಿಯ ಮೇಲೆ ಅದು ನಡುಗಿತು, ಹೊಗೆ ಉಗುಳಿತು, ಎಣ್ಣೆ ಸೋರಿತು, ಮತ್ತೆ ಮತ್ತೆ ಕೆಟ್ಟಿತು. ಇದು ಐರ್ಲೆಂಡಿನ ದುರದೃಷ್ಟ ಮಾತ್ರ ಆಗಿರಲಿಲ್ಲ. ಇದೇ ಕಂಪನಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಕಟ್ಟಿಕೊಟ್ಟ ಎಕ್ಸ್ ವರ್ಗದ 48 ಲೋಕೋಗಳೂ ಕ್ರಾಸ್ಲಿ ಎಂಜಿನ್ನಿನಿಂದ ನರಳಿದವು. ಬ್ರಿಟನ್ನಿನಲ್ಲಿ 1958-59ರಲ್ಲಿ ಬಂದ ಇಪ್ಪತ್ತು ‘ಕೋ-ಬೋ’ ಲೋಕೋಗಳು ಹತ್ತು ವರ್ಷ ತುಂಬುವ ಹೊತ್ತಿಗೆ ಸೇವೆಯಿಂದ ಹೊರಬಿದ್ದವು.

ಐರ್ಲೆಂಡಿಗೆ ಹಾಗೆ ಎಸೆಯುವಷ್ಟು ಹಣವಿರಲಿಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಿಂದ ಹದಿನೈದು ಲೋಕೋಗಳು ಬಂದವು; ಅವು ಕೆಡದೆ ಓಡಿದವು. ಇನ್ನಷ್ಟು ತರಿಸಿದರು. ಕೊನೆಗೆ 1968ರಿಂದ 1971ರವರೆಗೆ ಡಬ್ಲಿನ್ನಿನ ಇಂಚಿಕೋರ್ ಕಾರ್ಖಾನೆಯಲ್ಲಿ ಎ ವರ್ಗದ ಹೊಟ್ಟೆಯನ್ನು ಬಿಚ್ಚಿ ಕ್ರಾಸ್ಲಿಯನ್ನು ಹೊರತೆಗೆದು ಜನರಲ್ ಮೋಟರ್ಸಿನ ಹನ್ನೆರಡು ಸಿಲಿಂಡರಿನ 645 ಮಾದರಿಯ ಎಂಜಿನ್ ಕೂರಿಸಿದರು. ಮೈ ಮ್ಯಾಂಚೆಸ್ಟರಿನದು, ಹೃದಯ ಅಮೆರಿಕದ್ದು, ಹೊಲಿಗೆ ಡಬ್ಲಿನ್ನಿನದು. ಹೀಗೆ ಬದಲಾದ ಲೋಕೋದ ಸಂಖ್ಯೆಯ ಕೊನೆಗೆ ಒಂದು ‘ಆರ್’ ಅಕ್ಷರ ಸೇರಿತು. ಎರಡನೇ ಜನ್ಮದಲ್ಲಿ ಅವು ಚೆನ್ನಾಗಿಯೇ ದುಡಿದವು. ಕೊನೆಯವು ನಿವೃತ್ತಿಯಾದದ್ದು 1995ರಲ್ಲಿ. ನಲವತ್ತು ವರ್ಷದ ಬಾಳಿನಲ್ಲಿ ಬೆಳ್ಳಿ, ಹಸಿರು, ಕಪ್ಪು, ಕಿತ್ತಳೆ ಎಂದು ಬಣ್ಣಗಳು ಬದಲಾದವು. ನಾಲ್ಕು ಲೋಕೋಗಳು ಗುಜರಿಯಿಂದ ತಪ್ಪಿಸಿಕೊಂಡು ಉಳಿದಿವೆ. ಅದರಲ್ಲೊಂದು, ಎ55, ರಾಸ್ಕಾಮನ್ ಕೌಂಟಿಯ ಕ್ಯಾಸಲ್‌ರೇ ಎಂಬ ಊರಿನ ಒಂದು ಪಬ್ಬಿನ ರೈಲು ಸಂಗ್ರಹದಲ್ಲಿ ನಿಂತಿದೆ.

ಇನ್ನು ಅನುವಾದಕ್ಕೆ ಬರೋಣ. ಡಬ್ಲಿನ್ನಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣ ರಜೆಗೆ ಬಂದಾಗ ಬೆಳ್ಳಿ ಬಣ್ಣದ ಎ ವರ್ಗದ ಮಾದರಿಯೊಂದನ್ನು ತಂದಿದ್ದ. ‘ಐರಿಷ್ ರೈಲ್ವೇ ಮಾಡೆಲ್ಸ್’ ಎಂಬ ಕಂಪನಿ ಮಾಡಿದ್ದು. ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್. ಪಕ್ಕದ ಜಾಲರಿಗಳು, ಕೈಹಿಡಿಯುವ ಸರಳುಗಳು, ಗಾಜಿನ ಹಿಂದೆ ಡ್ರೈವರನ ಕುರ್ಚಿ, ಬೋಗಿಯ ಪಕ್ಕದ ಬ್ರೇಕಿನ ಕೊಳವೆಗಳು ಎಲ್ಲವೂ ಇವೆ. ಮೊದಲ ನೋಟಕ್ಕೆ ಆಗುವುದು ಬೆರಗು. ಎರಡನೆಯ ನೋಟಕ್ಕೂ ಅದೇ. ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ 1962ರ ತನ್ನ ‘ದ ಸ್ಯಾವೇಜ್ ಮೈಂಡ್’ ಪುಸ್ತಕದಲ್ಲಿ ಕಿರುರೂಪಗಳು ಯಾಕೆ ಮನಸ್ಸಿಗೆ ಹಿತ ಎಂದು ಕೇಳಿಕೊಳ್ಳುತ್ತಾನೆ. ನಿಜವಾದ ವಸ್ತುವನ್ನು ನಾವು ಬಿಡಿಬಿಡಿಯಾಗಿ ನೋಡುತ್ತಾ ಇಡಿಯನ್ನು ಕಟ್ಟಿಕೊಳ್ಳುತ್ತೇವೆ, ಕಿರುರೂಪದಲ್ಲಿ ಇಡಿಯೇ ಮೊದಲು ಕೈಗೆ ಸಿಗುತ್ತದೆ ಎಂಬುದು ಅವನ ಉತ್ತರದ ಸಾರ. ಹಳಿಯ ಪಕ್ಕ ನಿಂತರೆ ಲೋಕೋ ಒಂದು ಗೋಡೆ, ಒಂದು ಚಕ್ರ, ಒಂದು ಏಣಿ. ಅಂಗೈ ಮೇಲೆ ಅದು ಒಂದೇ ಸಲಕ್ಕೆ ಪೂರ್ತಿ ಲೋಕೋ.

ಆದರೆ ಪೂರ್ತಿ ಎಂದರೆ ಎಷ್ಟು ಪೂರ್ತಿ? ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ‘ಡಬಲ್ ಓ’ ಎನ್ನುತ್ತಾರೆ. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಐರ್ಲೆಂಡಿನ ಹಳಿಗಳ ನಡುವಿನ ಅಂತರ 5 ಅಡಿ 3 ಅಂಗುಲ, ಅಂದರೆ 1600 ಮಿಲಿಮೀಟರ್. ನಾಲ್ಕರಿಂದ ಗುಣಿಸಿದರೆ ಮಾದರಿಯ ಹಳಿ 21 ಮಿಲಿಮೀಟರ್ ಅಗಲ ಇರಬೇಕು. ನಾನು ಅಳೆದಾಗ ಸಿಕ್ಕಿದ್ದು 16.5. ಉಳಿದ ನಾಲ್ಕೂವರೆ ಮಿಲಿಮೀಟರ್ ಎಲ್ಲಿಗೆ ಹೋಯಿತು? ನಿಜದ ಅಳತೆಗೆ ತಿರುಗಿಸಿದರೆ ಒಂದು ಅಡಿಗಿಂತ ಹೆಚ್ಚು ಕಾಣೆಯಾಗಿದೆ. ಜಾಲರಿಯ ಒಂದೊಂದು ಎಳೆಯನ್ನೂ ಎಣಿಸಿ ಮಾಡಿದ ವಸ್ತುವಿನ ಕಾಲುಗಳು ಮಾತ್ರ ಒಟ್ಟಿಗೆ ಸೇರಿಕೊಂಡಿವೆ.

ಇದು ಕಂಪನಿಯ ಅಜಾಗರೂಕತೆ ಖಂಡಿತ ಅಲ್ಲ. ತಿಳಿದೇ ಮಾಡಿದ್ದು, ಎಲ್ಲರಿಗೂ ತಿಳಿದದ್ದು. ಅದರ ಹಿಂದೆ ಒಂದು ಚರಿತ್ರೆಯಿದೆ. ಯೂರೋಪಿನ ಉಳಿದ ಕಡೆ ‘ಎಚ್‌ಓ’ ಎಂಬ ಪ್ರಮಾಣ ನೆಲೆಯಾಯಿತು. ಅಲ್ಲಿ ಒಂದು ಅಡಿಗೆ 3.5 ಮಿಲಿಮೀಟರ್, ಹಳಿ 16.5 ಮಿಲಿಮೀಟರ್, ಎರಡೂ ಸರಿಹೊಂದುತ್ತವೆ. ಬ್ರಿಟನ್ನಿನ ನಿಜವಾದ ಲೋಕೋಗಳು ಯೂರೋಪಿನವುಗಳಿಗಿಂತ ಸಣಕಲು. ಅವನ್ನು ಎಚ್‌ಓ ಪ್ರಮಾಣಕ್ಕೆ ಇಳಿಸಿದರೆ ಅಂದಿನ ಕಾಲದ ಮೋಟರುಗಳು ಒಳಗೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಮೈಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿ, ಹಳಿ ಮತ್ತು ಚಕ್ರಗಳನ್ನು ಹಾಗೇ ಉಳಿಸಿಕೊಂಡರು. ಮೋಟರುಗಳು ಎಂದೋ ಚಿಕ್ಕವಾದವು, ರಾಜಿ ಉಳಿಯಿತು. ಬ್ರಿಟನ್ನಿನ ಲೋಕೋಗಳಿಗೆ ಈ ರಾಜಿಯಲ್ಲಿ ತಪ್ಪುವುದು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು. ಅಗಲ ಹಳಿಯ ಐರ್ಲೆಂಡಿಗೆ ಅದರ ಎರಡರಷ್ಟು. ತಾನು ಮಾಡದ ರಾಜಿಗೆ ತಾನೇ ದುಪ್ಪಟ್ಟು ಬೆಲೆ ಕೊಡುವ ಸ್ಥಿತಿ ಅದು. ಬೇರೆ ದಾರಿಯೂ ಇರಲಿಲ್ಲ. ಐರ್ಲೆಂಡಿನ ಮಾರುಕಟ್ಟೆ ಸಣ್ಣದು. ಹಳಿ, ತಿರುವು, ಸಿಗ್ನಲ್ಲು, ಸ್ಟೇಷನ್ನಿನ ಮನೆಗಳು ಎಲ್ಲವೂ ಬ್ರಿಟನ್ನಿನ ಅಳತೆಯಲ್ಲೇ ಅಂಗಡಿಯಲ್ಲಿ ಸಿಗುತ್ತಿದ್ದವು. ಬಹುಕಾಲ ಅಲ್ಲಿನ ಹವ್ಯಾಸಿಗಳು ಬ್ರಿಟಿಷ್ ಮಾದರಿಗಳಿಗೆ ಐರಿಷ್ ಬಣ್ಣ ಬಳಿದು ಸಮಾಧಾನಪಟ್ಟುಕೊಂಡಿದ್ದರು. ತಮ್ಮದೇ ಲೋಕೋದ ಮೈ ತಮ್ಮದೇ ಆಗಿ ಬಂದದ್ದು ಈ ಶತಮಾನದ ಮಾತು.

ಈ ಪಾಡು ನಮಗೂ ಹೊಸದಲ್ಲ. ಭಾರತದ ಬ್ರಾಡ್‌ಗೇಜ್ ಐರ್ಲೆಂಡಿಗಿಂತಲೂ ಅಗಲ: 5 ಅಡಿ 6 ಅಂಗುಲ, 1676 ಮಿಲಿಮೀಟರ್. ನಮ್ಮ ಡಬ್ಲ್ಯುಡಿಎಂ-2 ಲೋಕೋವನ್ನು ಎಚ್‌ಓ ಪ್ರಮಾಣಕ್ಕೆ ಇಳಿಸಿದರೆ ಹಳಿ 19 ಮಿಲಿಮೀಟರಿಗೂ ಮಿಗಿಲಾಗಿ ಇರಬೇಕು. ಇಲ್ಲಿನ ಹವ್ಯಾಸಿಗಳೂ ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ 16.5ರ ಮೇಲೆಯೇ ಓಡಿಸುತ್ತಾರೆ. ಬೇರೆ ಯಾರದೋ ಅಳತೆಗೆ ಹಾಕಿದ ಹಳಿಯ ಮೇಲೆ ನಮ್ಮ ಗಾಡಿ.

ಹಾಗಾದರೆ ಇದೊಂದು ವಸಾಹತುಶಾಹಿ ಕತೆ, ಮೂಲದ ಶುದ್ಧ ಐರಿಷ್ ಅಳತೆಯನ್ನು ಪರಕೀಯ ಅಳತೆ ನುಂಗಿಹಾಕಿತು ಎಂದು ತೀರ್ಪು ಕೊಟ್ಟುಬಿಡಬಹುದು. ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ಈ ತೀರ್ಪು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ 5 ಅಡಿ 3 ಅಂಗುಲ ಎಲ್ಲಿಂದ ಬಂತು ಎಂದು ನೋಡಿದರೆ ಮಾತು ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಮೂರು ಕಂಪನಿಗಳು ಮೂರು ಅಳತೆಯ ಹಳಿ ಹಾಕುತ್ತಿದ್ದವು. ಡಬ್ಲಿನ್-ಕಿಂಗ್ಸ್‌ಟೌನ್ ಮಾರ್ಗದ್ದು 4 ಅಡಿ 8½ ಅಂಗುಲ, ಅಲ್‌ಸ್ಟರ್ ರೈಲ್ವೆಯದು 6 ಅಡಿ 2 ಅಂಗುಲ, ಡಬ್ಲಿನ್-ಡ್ರಾಹೆಡಾ ಮಾರ್ಗದ್ದು 5 ಅಡಿ 2 ಅಂಗುಲ. ಜಗಳ ಲಂಡನ್ನಿನ ಬೋರ್ಡ್ ಆಫ್ ಟ್ರೇಡಿಗೆ ಹೋಯಿತು. ಅಲ್ಲಿನ ರೈಲ್ವೆ ಇನ್ಸ್‌ಪೆಕ್ಟರ್ ಮೇಜರ್ ಜನರಲ್ ಪಾಸ್ಲಿ ಹಲವರನ್ನು ವಿಚಾರಿಸಿ ನಡುವಿನ ಅಳತೆಯೊಂದನ್ನು ಹೇಳಿದ. 1846ರ ಕಾಯಿದೆ ಅದನ್ನೇ ಗಟ್ಟಿ ಮಾಡಿತು. ಅಂದರೆ ಇಂದು ಐರಿಷ್ ಗೇಜ್ ಎಂದು ಹೆಮ್ಮೆಯಿಂದ ಕರೆಯುವ ಅಳತೆಯೇ ಲಂಡನ್ನಿನಲ್ಲಿ ಕೂತು ಮಾಡಿದ ಒಂದು ರಾಜಿ. ಮೂಲ ಎನ್ನುವುದನ್ನು ಕೆದಕಿದರೆ ಅದರಡಿಯಲ್ಲೂ ಒಂದು ಅನುವಾದ ಸಿಗುತ್ತದೆ. ಆದರೂ ನೂರೆಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ರಾಜಿಯ ಮೇಲೆ ಜನ ಓಡಾಡಿದ್ದಾರೆ, ಊರುಗಳು ಬೆಳೆದಿವೆ. ಬಳಕೆ ಅದನ್ನು ಅಲ್ಲಿಯದಾಗಿಸಿದೆ.

ಕಾಣೆಯಾದ ನಾಲ್ಕೂವರೆ ಮಿಲಿಮೀಟರನ್ನು ಹುಡುಕಿ ತರುವ ಹಟಮಾರಿಗಳೂ ಇದ್ದಾರೆ. ಅವರು 21 ಮಿಲಿಮೀಟರಿನ ಹಳಿಯನ್ನು ಕೈಯಾರೆ ಹಾಕುತ್ತಾರೆ. ಒಂದೊಂದು ಸ್ಲೀಪರನ್ನೂ ಜೋಡಿಸಿ, ಹಳಿಯನ್ನು ಬೆಸುಗೆ ಹಾಕಿ, ಅಂಗಡಿಯಿಂದ ತಂದ ಲೋಕೋದ ಚಕ್ರಗಳನ್ನು ಕಿತ್ತು ಉದ್ದದ ಅಚ್ಚುಗಳನ್ನು ಹಾಕುತ್ತಾರೆ. ಒಂದು ಸಣ್ಣ ಸ್ಟೇಷನ್ನಿಗೆ ವರ್ಷಗಳೇ ಹಿಡಿಯುತ್ತವೆ. ಮುಂದಿನಿಂದ ನೋಡಿದಾಗ ಲೋಕೋ ಕೊನೆಗೂ ತನ್ನ ಕಾಲ ಮೇಲೆ ಅಗಲವಾಗಿ, ಭದ್ರವಾಗಿ ನಿಲ್ಲುತ್ತದೆ. ಅದರ ಚೆಲುವನ್ನು ಅಲ್ಲಗಳೆಯಲಾರೆ. ಆದರೆ ಅದು ಪದಶಃ ಅನುವಾದದ ಚೆಲುವು. ಗೆಳೆಯರ ಮನೆಯ ಹಳಿಯ ಮೇಲೆ ಆ ಲೋಕೋ ಓಡುವುದಿಲ್ಲ. ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಜನ. ಮೇಲಾಗಿ ಅಳತೆಯ ಶುದ್ಧಿಗೆ ಕೊನೆಯೆಂಬುದಿಲ್ಲ. ಎ ವರ್ಗದ ತೂಕ ಸುಮಾರು 82 ಟನ್. ಉದ್ದ, ಅಗಲ, ಎತ್ತರ ಮೂರೂ ಎಪ್ಪತ್ತಾರು ಪಟ್ಟು ಕಿರಿದಾದರೆ ತೂಕ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು ಇಳಿಯುತ್ತದೆ. ನಿಷ್ಠೆಯ ಲೆಕ್ಕದಲ್ಲಿ ಮಾದರಿ 190 ಗ್ರಾಮಿಗಿಂತ ಹೆಚ್ಚು ತೂಗಬಾರದು. ಅಷ್ಟು ಹಗುರವಾದರೆ ಚಕ್ರ ಹಳಿಯನ್ನು ಕಚ್ಚುವುದಿಲ್ಲ, ಗಾಡಿ ಎಳೆಯುವುದಿಲ್ಲ. ಅದಕ್ಕೆಂದೇ ಒಳಗೆ ಲೋಹದ ತುಂಡು ಇಡುತ್ತಾರೆ. ತಿರುವುಗಳೂ ಅಷ್ಟೆ. ಮನೆಯಲ್ಲಿ ಹಾಕುವ ತಯಾರಿ ಹಳಿಯ ಒಂದು ಸಾಮಾನ್ಯ ತಿರುವಿನ ತ್ರಿಜ್ಯ 438 ಮಿಲಿಮೀಟರ್. ನಿಜದಲ್ಲಿ ಅದು 33 ಮೀಟರ್ ಆಗುತ್ತದೆ. ಅಂಥ ತಿರುವಿಗೆ ನಿಜವಾದ ಎ ವರ್ಗವನ್ನು ನುಗ್ಗಿಸಿದರೆ ಅದು ಹಳಿ ಬಿಟ್ಟು ಹೊಲಕ್ಕಿಳಿಯುತ್ತದೆ.

ಆದ್ದರಿಂದ ಅಳತೆಯ ಸುಳ್ಳಿನ ಬಗ್ಗೆ ನನಗೆ ದೂರಿಲ್ಲ. ಓಡಬೇಕಾದರೆ ಬೇಕಾದ ಸುಳ್ಳು ಅದು. ಮಾಡಿದವರಿಗೂ ಕೊಂಡವರಿಗೂ ತಿಳಿದ ಸುಳ್ಳು. ನನ್ನ ದೂರು ಇರುವುದು ಇನ್ನೊಂದರ ಬಗ್ಗೆ. ಅದನ್ನು ಯಾವ ಸ್ಕೇಲಿನಿಂದಲೂ ಅಳೆಯಲಾಗುವುದಿಲ್ಲ.

ಈ ಮಾದರಿ ಕೆಡುವುದಿಲ್ಲ.

ನಾನು ಹೇಳುತ್ತಿರುವುದು ವಿಶೇಷವಾಗಿ ಬೆಳ್ಳಿ ಬಣ್ಣದ, ಕ್ರಾಸ್ಲಿ ಕಾಲದ ಎ ವರ್ಗದ ಬಗ್ಗೆ. ಅದರ ಚರಿತ್ರೆಯಿಂದ ಕೆಡುವುದನ್ನು ತೆಗೆದುಬಿಟ್ಟರೆ ಉಳಿಯುವುದು ಏನು? ಆ ಲೋಕೋ ಐರ್ಲೆಂಡಿಗೆ ಮುಖ್ಯವಾದದ್ದು ಅದು ಚೆನ್ನಾಗಿ ಕಂಡದ್ದರಿಂದಲ್ಲ. ಬಡ ದೇಶವೊಂದು ತನ್ನ ರೈಲ್ವೆಯ ಭವಿಷ್ಯವನ್ನೆಲ್ಲ ಒಂದೇ ಆರ್ಡರಿನಲ್ಲಿ ಪಣಕ್ಕಿಟ್ಟಿತು. ಪಣ ಅರ್ಧ ಸೋತಿತು. ಸೋತದ್ದನ್ನು ಎಸೆಯಲಾಗದೆ ಹನ್ನೆರಡು ವರ್ಷ ಅದರೊಡನೆ ಏಗಿ, ಕೊನೆಗೆ ಒಳಗನ್ನು ಬದಲಿಸಿ ಇನ್ನೂ ಕಾಲು ಶತಮಾನ ದುಡಿಸಿಕೊಂಡಿತು. ಈ ಕತೆಯ ನಾಯಕರು ಇಂಚಿಕೋರಿನ ಫಿಟ್ಟರುಗಳು, ದಾರಿಯಲ್ಲಿ ನಿಂತ ಗಾಡಿಯೊಳಗೆ ಎಣ್ಣೆ ಮೆತ್ತಿಕೊಂಡು ಇಣುಕಿದ ಡ್ರೈವರುಗಳು. ಮಾದರಿಯಲ್ಲಿ ಅವರ ದುಡಿಮೆಗೆ ಜಾಗವಿಲ್ಲ. ಗುಂಡಿ ಒತ್ತಿದರೆ ಪುಟ್ಟ ವಿದ್ಯುತ್ ಮೋಟರು ನುಣ್ಣಗೆ ತಿರುಗುತ್ತದೆ. ಅಣ್ಣ ಅದನ್ನು ಓಡಿಸಿ ತೋರಿಸುತ್ತಾ, “ನೋಡೇ, ನಿಜವಾದದ್ದಕ್ಕಿಂತ ಇದೇ ವಾಸಿ, ಎಲ್ಲೂ ಕೈಕೊಡೋದಿಲ್ಲ” ಎಂದ. ಅವನು ತಮಾಷೆಗೆ ಹೇಳಿದ. ನನಗೆ ಅದು ಈ ಕಲೆಯ ಮೇಲೆ ಮಾಡಬಹುದಾದ ಅತ್ಯಂತ ಕಟುವಾದ ವಿಮರ್ಶೆ ಅನ್ನಿಸಿತು.

ಅಮೆರಿಕದ ಕವಿ, ವಿಮರ್ಶಕಿ ಸೂಸನ್ ಸ್ಟುವರ್ಟ್ 1984ರ ‘ಆನ್ ಲಾಂಗಿಂಗ್’ ಎಂಬ ಪುಸ್ತಕದಲ್ಲಿ ಕಿರುರೂಪಕ್ಕೂ ಹಂಬಲಕ್ಕೂ ಇರುವ ನಂಟನ್ನು ಬಿಡಿಸುತ್ತಾಳೆ. ಕಿರುರೂಪ ಚರಿತ್ರೆಯ ಕಾಲವನ್ನು ನಿಲ್ಲಿಸಿ ಅದರ ಜಾಗದಲ್ಲಿ ನಮ್ಮ ಒಳಗಿನ, ಖಾಸಗಿ ಕಾಲವನ್ನು ತಂದು ಕೂರಿಸುತ್ತದೆ ಎಂಬುದು ನಾನು ಅವಳಿಂದ ಪಡೆದ ತಿಳಿವು. ಐರ್ಲೆಂಡಿನ ಮಟ್ಟಿಗೆ ಇದು ಎಷ್ಟು ನಿಜ ಎಂಬುದಕ್ಕೆ ಸಿ ವರ್ಗವನ್ನು ನೋಡಿದರೆ ಸಾಕು. ಕವಲು ಮಾರ್ಗಗಳಿಗೆಂದು ತಂದ ಆ ಚಿಕ್ಕ ಲೋಕೋಗಳು ಬರುವ ಹೊತ್ತಿಗೆ ಕವಲು ಮಾರ್ಗಗಳೇ ಮುಚ್ಚತೊಡಗಿದವು. ಡಬ್ಲಿನ್ನಿನ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗ 1958ರ ಕೊನೆಯ ದಿನ ನಿಂತಿತು. ವಾಟರ್‌ಫರ್ಡ್-ಟ್ರಮೋರ್ ಮಾರ್ಗ 1960ರ ಕೊನೆಯಲ್ಲಿ, ಪಶ್ಚಿಮ ಕಾರ್ಕ್ ಪ್ರದೇಶದ ಮಾರ್ಗಗಳು 1961ರಲ್ಲಿ. ಈಗ ಮಾದರಿ ಕಟ್ಟುವವರು ಹೆಚ್ಚು ಇಷ್ಟಪಡುವುದು ಇಂಥ ಕವಲು ಮಾರ್ಗದ ಕೊನೆಯ ಸ್ಟೇಷನ್ನನ್ನೇ. ಕಾರಣ ಸರಳ: ಒಂದು ಪ್ಲಾಟ್‌ಫಾರ್ಮ್, ಒಂದು ಗೋದಾಮು, ಎರಡು ಹಳಿ, ಮನೆಯ ಒಂದು ಕೋಣೆಯಲ್ಲಿ ಹಿಡಿಯುತ್ತದೆ. ಅಲ್ಲಿ ಸಂಜೆಯೆಲ್ಲ ಗಾಡಿಗಳು ಬರುತ್ತಲೇ ಇರುತ್ತವೆ, ಹೋಗುತ್ತಲೇ ಇರುತ್ತವೆ. ನಿಜದಲ್ಲಿ ಅಷ್ಟು ಗಾಡಿಗಳೂ ಅಷ್ಟು ಜನರೂ ಬಂದಿದ್ದರೆ ಆ ಮಾರ್ಗ ಮುಚ್ಚುತ್ತಲೇ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆಟಿಕೆಯ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವೇ? ದಿನದ ದುಡಿಮೆ ಮುಗಿಸಿ ಬಂದವರು ತಮ್ಮ ಬಾಲ್ಯದ ಕಿತ್ತಳೆ ಬಣ್ಣದ ಲೋಕೋ ಒಂದು ಸುತ್ತು ಹಾಕುವುದನ್ನು ನೋಡಿ ಸಂತೋಷಪಟ್ಟರೆ ಚರಿತ್ರೆಗೆ ಏನು ನಷ್ಟ? ನಷ್ಟವಿಲ್ಲ ಎಂದು ಒಪ್ಪುತ್ತೇನೆ. ಆದರೆ ಈ ಹವ್ಯಾಸದವರು ತಮ್ಮನ್ನು ತಾವು ಅಳೆದುಕೊಳ್ಳುವುದು ಸಂತೋಷದಿಂದಲ್ಲ, ನಿಷ್ಠೆಯಿಂದ. ಜಾಲರಿ ಒಂದು ಎಳೆ ತಪ್ಪಿದರೆ, ಹಸಿರು ಒಂದು ಛಾಯೆ ಗಾಢವಾದರೆ ವಾಗ್ವಾದವಾಗುತ್ತದೆ. ಇಷ್ಟು ನಿಷ್ಠೆಯನ್ನು ಬೇಡುವವರನ್ನು ಆ ನಿಷ್ಠೆ ಎಲ್ಲಿ ನಿಂತುಬಿಡುತ್ತದೆ ಎಂದು ಕೇಳುವ ಹಕ್ಕು ವಿಮರ್ಶೆಗಿದೆ. ತಾವು ಅದನ್ನು ಮೀರಬಲ್ಲೆವು ಎಂದು ಈ ಹವ್ಯಾಸಿಗಳೇ ತೋರಿಸಿಯೂ ಇದ್ದಾರೆ.

ಅವರು ಅದನ್ನು ‘ವೆದರಿಂಗ್’ ಎನ್ನುತ್ತಾರೆ. ಬಿಸಿಲುಮಳೆ ಹಿಡಿಸುವುದು ಎನ್ನೋಣ. ಕಾರ್ಖಾನೆಯಿಂದ ಹೊಳೆಯುತ್ತಾ ಬಂದ ಮಾದರಿಯ ಮೇಲೆ ತೆಳ್ಳಗೆ ಕಲಸಿದ ಕಂದು, ಕಪ್ಪು ಬಣ್ಣವನ್ನು ಹಚ್ಚಿ, ಆರುವ ಮೊದಲೇ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ, ಮಳೆನೀರು ಇಳಿಯುವ ದಿಕ್ಕಿನಲ್ಲೇ ಒರೆಸುತ್ತಾರೆ. ಸಂದುಗಳಲ್ಲಿ ಕೊಳೆ ಉಳಿಯುತ್ತದೆ. ಹೊಗೆ ಕಾರುವ ಜಾಗದಲ್ಲಿ ಮಸಿಯ ಪುಡಿ, ಎಣ್ಣೆ ಹಾಕುವ ಬಾಯಿಯ ಕೆಳಗೆ ಜಿಡ್ಡಿನ ಗೆರೆ, ಚಕ್ರದ ಸುತ್ತ ಬ್ರೇಕಿನ ಧೂಳು. ಎ ವರ್ಗದ ಮಟ್ಟಿಗೆ ಇದು ಅಲಂಕಾರವಲ್ಲ, ಆಧಾರವಿರುವ ಓದು. ಬೆಳ್ಳಿ ಬಣ್ಣ ಯಾಕೆ ಬಹಳ ವರ್ಷ ಉಳಿಯಲಿಲ್ಲ ಎಂದರೆ ಅದು ಕೊಳೆಯನ್ನು ಮುಚ್ಚಿಡಲಿಲ್ಲ. ಕ್ರಾಸ್ಲಿಯ ಎಣ್ಣೆ, ಹೊಗೆ ಎಲ್ಲವೂ ಆ ಬಿಳುಪಿನ ಮೇಲೆ ಎದ್ದು ಕಂಡವು. ಕೆಲವೇ ವರ್ಷದಲ್ಲಿ ಹಸಿರಿಗೆ ಬದಲಾಯಿಸಿದರು. ಹೊಳೆಯುವ ಬೆಳ್ಳಿಯ ಎ ವರ್ಗ ನಿಜವಾಗಿದ್ದದ್ದು ಮ್ಯಾಂಚೆಸ್ಟರಿನಿಂದ ಬಂದಿಳಿದ ಹೊಸದರಲ್ಲಿ ಮಾತ್ರ. ಕೊಳೆಯಾದ ಬೆಳ್ಳಿಯ ಎ ವರ್ಗವಾದರೋ ತನ್ನ ಎಂಜಿನ್ನಿನ ಆರೋಗ್ಯವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಒಳಗಿನ ಸೋಲು ಹೊರಗಿನ ವಿವರವಾಗುವುದು ಇಲ್ಲಿ. ಇದರಲ್ಲೂ ಸವಕಲು ಇದೆ. ಎಲ್ಲ ಲೋಕೋಗಳಿಗೂ ಒಂದೇ ತುಕ್ಕು, ಒಂದೇ ಮಸಿ ಬಳಿಯುವವರಿದ್ದಾರೆ. ಒಳ್ಳೆಯ ಕೆಲಸಗಾರರು ಒಂದು ಲೋಕೋದ ಒಂದು ವರ್ಷದ ಫೋಟೋ ಮುಂದಿಟ್ಟುಕೊಂಡು ಕೂರುತ್ತಾರೆ.

ದನಿಯ ವಿಷಯದಲ್ಲಿ ಇಷ್ಟು ಸುಲಭವಿಲ್ಲ. ಈಗಿನ ಮಾದರಿಗಳೊಳಗೆ ಪುಟ್ಟ ಸ್ಪೀಕರ್ ಇಟ್ಟು ನಿಜವಾದ ಲೋಕೋದಿಂದ ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುತ್ತಾರೆ. ಉಳಿದಿರುವ ನಾಲ್ಕು ಎ ವರ್ಗದ ಲೋಕೋಗಳಲ್ಲೂ ಇರುವುದು ಜನರಲ್ ಮೋಟರ್ಸಿನ ಎಂಜಿನ್. ಆ ಎರಡು ಸ್ಟ್ರೋಕಿನ ದನಿಯ ಬಳಗ ನಮಗೂ ಪರಿಚಿತ: ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಲೋಕೋಗಳೊಳಗಿನ 710 ಎಂಜಿನ್ ಇದೇ 645ರ ಮುಂದಿನ ತಲೆಮಾರು. ಆದರೆ ಕ್ರಾಸ್ಲಿ ತುಂಬಿಕೊಂಡ ಎ ವರ್ಗ ಐರ್ಲೆಂಡಿನಲ್ಲಿ ಒಂದೂ ಇಲ್ಲ. ಕೆಟ್ಟ ಎಂಜಿನ್ ಎಂದು ಕಿತ್ತೆಸೆದದ್ದರ ಜೊತೆಗೆ ಅದರ ದನಿಯೂ ಹೋಯಿತು. ಬೆಳ್ಳಿ ಬಣ್ಣದ ಮಾದರಿಗೆ 645ರ ಸದ್ದು ಹಾಕಿದರೆ ಅದು ಹಳೆಯ ಮೈಗೆ ಮುಂದಿನ ಜನ್ಮದ ದನಿ ಕೊಟ್ಟಂತೆ. ನಾಲ್ಕೂವರೆ ಮಿಲಿಮೀಟರಿನ ಸುಳ್ಳಿಗಿಂತ ಇದು ದೊಡ್ಡದು, ಯಾಕೆಂದರೆ ಕೇಳುವವರಿಗೆ ಇದು ಸುಳ್ಳೆಂದು ಹೊಳೆಯುವುದೇ ಇಲ್ಲ.

ಮಾದರಿ ಕಲೆ ಯಾವಾಗಲೂ ಹೀಗೆ ಹಿಂದಕ್ಕೇ ನೋಡುತ್ತಿತ್ತು ಎಂದೇನೂ ಇಲ್ಲ. ಡಬ್ಲಿನ್ನಿನ ಹತ್ತಿರದ ಮಾಲಹೈಡಿನಲ್ಲಿ ಸಿರಿಲ್ ಫ್ರೈ ಎಂಬಾತ ಕೈಯಾರೆ ಮಾಡಿದ ಲೋಕೋಗಳ ಸಂಗ್ರಹ ಇಂದು ಮ್ಯೂಸಿಯಮ್ಮಿನಲ್ಲಿದೆ. ಫ್ರೈ ಸ್ವತಃ ಐರಿಷ್ ರೈಲ್ವೆಯಲ್ಲಿ ಎಂಜಿನಿಯರ್, ಡ್ರಾಫ್ಟ್ಸ್‌ಮನ್ ಆಗಿದ್ದವನು. 1930ರ ದಶಕದಿಂದ, ಉಗಿ ಲೋಕೋಗಳು ಇನ್ನೂ ಕೆಲಸದಲ್ಲಿದ್ದಾಗಲೇ, ಅವುಗಳ ಮಾದರಿ ಮಾಡತೊಡಗಿದ. ಹಗಲು ಯಾವ ಲೋಕದಲ್ಲಿ ದುಡಿಯುತ್ತಿದ್ದನೋ ಬಿಡುವಿನಲ್ಲಿ ಅದನ್ನೇ ಕಿರಿದಾಗಿಸುತ್ತಿದ್ದ. ಅವನದು ಸಮಕಾಲೀನನ ಅನುವಾದ. ಮೂಲ ಪಕ್ಕದಲ್ಲೇ ಹೊಗೆಯಾಡುತ್ತಿತ್ತು, ತಪ್ಪಿದರೆ ತಿದ್ದಿಕೊಳ್ಳಬಹುದಿತ್ತು. ಇಂದಿನವರಿಗೆ ಮೂಲ ಇಲ್ಲ. ಫೋಟೋ, ನಕ್ಷೆ, ನೆನಪು ಇವೆ. ನೆನಪು ಒಳ್ಳೆಯ ದಿನಗಳನ್ನು ಮೊದಲು ಕೊಡುತ್ತದೆ. ಅದಕ್ಕೇ ಇಂದಿನ ಮಾದರಿಕಾರರಿಗೆ ಫ್ರೈಗಿಂತ ಹೆಚ್ಚಿನ ಹೊಣೆಯಿದೆ ಎನ್ನುತ್ತೇನೆ.

ಆ ಹೊಣೆಯನ್ನು ಹೊರುವುದು ದುಬಾರಿಯೂ ಅಲ್ಲ. ಎ ವರ್ಗ ಬಂದ ಮೇಲೂ ಸಿಐಇಯ ಹಳಿಗಳ ಮೇಲೆ ಉಗಿ ಲೋಕೋಗಳು 1963ರವರೆಗೆ ಉಳಿದಿದ್ದವು. 1950ರ ದಶಕದ ಕೊನೆಯ ಒಂದು ಸ್ಟೇಷನ್ನನ್ನು ಕಟ್ಟಿಕೊಂಡವರು ಒಂದು ಸಂಜೆ ಹೀಗೆ ಮಾಡಿ ನೋಡಬಹುದು. ಬೆಳ್ಳಿ ಬಣ್ಣದ ಎ ವರ್ಗಕ್ಕೆ ಕೊಳೆ ಹಿಡಿಸಿ, ಸ್ಪೀಕರ್ ಆರಿಸಿ, ಸ್ಟೇಷನ್ನಿಗೆ ಸ್ವಲ್ಪ ಮೊದಲೇ ಅದನ್ನು ನಿಲ್ಲಿಸಬೇಕು. ಹಿಂದೆ ಡಬ್ಬಿಗಳ ಸಾಲು. ಹಳಿಯ ಪಕ್ಕ ನಾಲ್ಕು ಮಿಲಿಮೀಟರ್ ಪ್ರಮಾಣದ ಇಬ್ಬರು ಮನುಷ್ಯರು, ಒಬ್ಬ ಡ್ರೈವರ್, ಒಬ್ಬ ಗಾರ್ಡ್. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರುವ ಜನ. ಆಮೇಲೆ ಇನ್ನೊಂದು ತುದಿಯಿಂದ ಗುಜರಿಗೆ ಹೋಗಬೇಕಿದ್ದ ಹಳೆಯ ಉಗಿ ಲೋಕೋವೊಂದನ್ನು ನಿಧಾನವಾಗಿ ತಂದು, ಆ ಹೊಸ ಲೋಕೋಗೆ ಕೊಂಡಿ ಹಾಕಿ, ಎಳೆದುಕೊಂಡು ಹೋಗಬೇಕು. ಹಳಿ 16.5 ಮಿಲಿಮೀಟರಿನದೇ ಆಗಿರಲಿ.